ಮಕ್ಕಳ ಮೈ ಮೇಲಿನ ಗುಳ್ಳೆ, ಕಜ್ಜಿ, ದದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಮೈಕ್ರೋಬಯಾಲಜಿ ಲ್ಯಾಬಲ್ಲಿ ಕೂತು ಬ್ಯಾಕ್ಟೀರಿಯಾ ಬೆಳೆಸಿದ ಪ್ಲೇಟ್ ನೋಡೋದು ನನ್ನ ಕೆಲಸ. ಆದ್ರೂ ಮಗುಗೆ ಏನಾದ್ರೂ ಗುಳ್ಳೆ ಎದ್ದ ತಕ್ಷಣ ಫ್ರೆಂಡ್ಸು ನೆಂಟ್ರು ಎಲ್ಲ ನಂಗೇ ಫೋಟೋ ಕಳಿಸ್ತಾರೆ, ಕೇಳಿದ್ದನ್ನೇ ಕೇಳ್ತಾರೆ, ನಾನೂ ಹೇಳಿದ್ದನ್ನೇ ಹೇಳ್ತೀನಿ. ಅದಕ್ಕೇ ಈ ಸಲ ಎಲ್ಲ ಒಂದೇ ಕಡೆ ಬರೆದಿಟ್ಟಿದೀನಿ.

ಫೋಟೋ ನೋಡಿ ಇದು ಇಂಥದ್ದೇ ಅಂತ ಯಾಕೆ ಹೇಳಲ್ಲ ನೀವು?

ಯಾಕಂದ್ರೆ ಚರ್ಮಕ್ಕೆ ಬರೋ ಭಾಷೆ ತುಂಬಾ ಕಮ್ಮಿ. ಕೆಂಪಾಗತ್ತೆ, ಗುಳ್ಳೆ ಏಳತ್ತೆ, ನೀರು ಸೋರತ್ತೆ, ಕೀವು ತುಂಬತ್ತೆ, ಒಣಗಿ ಹಕ್ಕಳೆ ಕಟ್ಟತ್ತೆ, ಅಷ್ಟೇ. ಬ್ಯಾಕ್ಟೀರಿಯಾ ಬಂದ್ರೂ ಅದೇ, ವೈರಸ್ ಬಂದ್ರೂ ಅದೇ, ಫಂಗಸ್ಸು ಹುಳ ಅಲರ್ಜಿ ಎಲ್ಲದಕ್ಕೂ ಹೆಚ್ಚುಕಮ್ಮಿ ಅದೇ. ಇನ್ನೊಂದು ತೊಂದ್ರೆ ಏನಂದ್ರೆ ಒಂದರ ಮೇಲೆ ಒಂದು ಕೂತಿರತ್ತೆ. ಕೆಳಗಡೆ ಕಜ್ಜಿ ಹುಳ ಇರತ್ತೆ, ಮಗು ಕೆರೆದು ಕೆರೆದು ಗಾಯ ಮಾಡ್ಕೊಂಡಿರತ್ತೆ, ಆ ಗಾಯಕ್ಕೆ ಬ್ಯಾಕ್ಟೀರಿಯಾ ಸೇರ್ಕೊಂಡಿರತ್ತೆ, ಫೋಟೋದಲ್ಲಿ ಕಾಣೋದು ಬರೀ ಕೀವು. ಕೀವಿಗೆ ಔಷಧಿ ಕೊಟ್ರೆ ಕೀವು ಹೋಗತ್ತೆ, ಹದಿನೈದು ದಿನಕ್ಕೆ ವಾಪಸ್ ಬರತ್ತೆ, ಆಮೇಲೆ "ಔಷಧಿ ಸರಿ ಇಲ್ಲ" ಅಂತ ಬೈಕೊಳ್ಳೋದು.

ಮೂಗಿನ ಕೆಳಗೆ, ಬಾಯಿ ಸುತ್ತ ಬೆಲ್ಲದ ಪಾಕ ಅಂಟಿಸಿದ ಹಾಗೆ ಹಕ್ಕಳೆ ಕಟ್ಟಿದೆ. ಏನಿದು?

ಹೆಚ್ಚಾಗಿ ಇಂಪೆಟೈಗೋ. ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಜಾಸ್ತಿ. ಮಾಡೋದು ಎರಡೇ ಬ್ಯಾಕ್ಟೀರಿಯಾ, ಸ್ಟ್ಯಾಫಿಲೋಕಾಕಸ್ ಆರಿಯಸ್ (ಸ್ಟ್ಯಾಫ್) ಮತ್ತೆ ಸ್ಟ್ರೆಪ್ಟೋಕಾಕಸ್ ಪಯೋಜೆನಿಸ್ (ಸ್ಟ್ರೆಪ್), ಕೆಲವು ಸಲ ಇಬ್ಬರೂ ಸೇರ್ಕೊಂಡು. ಇದರಲ್ಲೇ ಇನ್ನೊಂದು ಥರ ಇದೆ, ದೊಡ್ಡ ದೊಡ್ಡ ನೀರುಗುಳ್ಳೆ ಏಳತ್ತೆ, ಮುಟ್ಟಿದ್ರೆ ಒಡೆದುಹೋಗತ್ತೆ. ಅದು ಸ್ಟ್ಯಾಫ್ ಒಂದರದ್ದೇ ಕೆಲಸ. ಚರ್ಮದ ಜೀವಕೋಶಗಳನ್ನ ಒಂದಕ್ಕೊಂದು ಹಿಡಿದಿಡೋ ಡೆಸ್ಮೋಗ್ಲೀನ್-1 ಅನ್ನೋ ಪ್ರೋಟೀನ್ ಇದೆ, ಈ ಬ್ಯಾಕ್ಟೀರಿಯಾ ಬಿಡೋ ಟಾಕ್ಸಿನ್ ಅದೊಂದನ್ನೇ ಕತ್ತರಿಸತ್ತೆ, ಹಿಡಿತ ತಪ್ಪಿ ಮೇಲಿನ ಪದರ ಎದ್ದುಬಿಡತ್ತೆ. ಇದೇ ಟಾಕ್ಸಿನ್ ರಕ್ತಕ್ಕೆ ಸೇರಿ ಮೈಯೆಲ್ಲ ಓಡಾಡಿದ್ರೆ ಎಳೆ ಮಕ್ಕಳಲ್ಲಿ ಇಡೀ ಮೈ ಚರ್ಮ ಬಿಸಿನೀರು ಸುಟ್ಟ ಹಾಗೆ ಸುಲಿಯತ್ತೆ. ಆಗ ಮನೇಲಿ ಕೂರೋ ಮಾತೇ ಇಲ್ಲ, ಆಸ್ಪತ್ರೆಗೇ ಹೋಗ್ಬೇಕು.

ಸ್ವಲ್ಪ ಜಾಗದಲ್ಲಿ ಮಾತ್ರ ಇಂಪೆಟೈಗೋ ಇದ್ರೆ ಮ್ಯುಪಿರೋಸಿನ್ ಥರದ ಮುಲಾಮು ಸಾಕಾಗತ್ತೆ, ತುಂಬಾ ಕಡೆ ಹರಡಿದ್ರೆ ಬಾಯಿಗೆ ಔಷಧಿ ಬೇಕಾಗತ್ತೆ.

ಸ್ವ್ಯಾಬ್ ತಗೊಂಡು ಹೋಗಿ ಎರಡು ಮೂರು ದಿನ ಏನ್ ಮಾಡ್ತೀರಪ್ಪಾ?

ಇದು ನಂಗೆ ತುಂಬಾ ಇಷ್ಟದ ಪ್ರಶ್ನೆ, ಉದ್ದ ಆದ್ರೆ ಬೇಜಾರ್ ಮಾಡ್ಕೋಬೇಡಿ.

ಸ್ವ್ಯಾಬನ್ನ ರಕ್ತ ಬೆರೆಸಿದ ಅಗರ್ ಪ್ಲೇಟ್ ಮೇಲೆ ಎಳೀತೀವಿ, 35-37 ಡಿಗ್ರಿಲಿ ಒಂದು ರಾತ್ರಿ ಇಡ್ತೀವಿ. ಈ ಅಗರ್ ಅನ್ನೋದು ಸಮುದ್ರದ ಪಾಚಿಯಿಂದ ತೆಗೆಯೋದು, ಅದನ್ನ ಲ್ಯಾಬಿಗೆ ತಂದಿದ್ದು ಫ್ಯಾನಿ ಹೆಸ್ಸೆ ಅನ್ನೋ ಹೆಂಗಸು, 1880ರ ದಶಕದ ಶುರುನಲ್ಲಿ. ಅವರ ಗಂಡ ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕಾಕ್ ಹತ್ರ ಕೆಲಸ ಮಾಡ್ತಿದ್ರು. ಆಗೆಲ್ಲ ಜೆಲಟಿನ್ ಉಪಯೋಗಿಸ್ತಿದ್ರು, ಸೆಕೆಗೆ ಅದು ಕರಗಿ ನೀರಾಗ್ತಿತ್ತು, ಸಾಲದು ಅಂತ ಕೆಲವು ಬ್ಯಾಕ್ಟೀರಿಯಾ ಅದನ್ನೇ ತಿಂದುಹಾಕ್ತಿದ್ವು. ಅಡುಗೆಮನೇಲಿ ಜೆಲ್ಲಿಗೆ ಹಾಕೋ ಅಗರ್ ಹಾಕಿ ನೋಡಿ ಅಂದಿದ್ದು ಈಕೆ. ಪ್ಲೇಟಿಗೆ ಪೆಟ್ರಿ ಅನ್ನೋರ ಹೆಸರು ಉಳ್ಕೊಳ್ತು, ಒಳಗಿರೋ ಅಗರಿಗೆ ಈಕೆ ಹೆಸರು ಯಾರೂ ಇಡಲಿಲ್ಲ. ಇರ್ಲಿ.

ಮಾರನೇ ದಿನ ಬೆಳಿಗ್ಗೆ ನೋಡಿದ್ರೆ ಸ್ಟ್ಯಾಫ್ ಆದ್ರೆ ದುಂಡಗೆ, ಕೆನೆ ಬಣ್ಣ ಇಲ್ಲಾಂದ್ರೆ ಬಂಗಾರದ ಬಣ್ಣ. ಆರಿಯಸ್ ಅಂದ್ರೇ ಬಂಗಾರದ್ದು ಅಂತ. ಸ್ಟ್ರೆಪ್ ಆದ್ರೆ ಸಣ್ಣ ಚುಕ್ಕಿ, ಆದ್ರೆ ಅದರ ಸುತ್ತ ರಕ್ತ ಕರಗಿ ಪ್ಲೇಟ್ ತಿಳಿಯಾಗಿ ಕಾಣತ್ತೆ, ಬೆಳಕಿಗೆ ಹಿಡಿದ್ರೆ ಆಚೆ ಬೆರಳು ಕಾಣೋ ಅಷ್ಟು. ಒಂದು ತೊಟ್ಟು ಹೈಡ್ರೋಜನ್ ಪೆರಾಕ್ಸೈಡ್ ಹಾಕಿದ್ರೆ ಸ್ಟ್ಯಾಫ್ ಬುಸ್ ಅಂತ ನೊರೆ ಬರತ್ತೆ, ಸ್ಟ್ರೆಪ್ ಸುಮ್ನಿರತ್ತೆ. ಹೀಗೆ ಯಾರು ಅಂತ ಗೊತ್ತಾಯ್ತು. ಆಮೇಲೆ ಯಾವ ಔಷಧಿಗೆ ಬಗ್ಗತ್ತೆ ಅಂತ ನೋಡಕ್ಕೆ ಹೊಸ ಪ್ಲೇಟ್ ಮೇಲೆ ಬ್ಯಾಕ್ಟೀರಿಯಾ ಹರಡಿ, ಔಷಧಿ ಅದ್ದಿದ ಸಣ್ಣ ಕಾಗದದ ಬಿಲ್ಲೆ ಇಟ್ಟು ಇನ್ನೊಂದು ರಾತ್ರಿ ಕಾಯ್ತೀವಿ, ಬಿಲ್ಲೆ ಸುತ್ತ ಬೆಳೆಯದೇ ಇರೋ ಜಾಗನ ಸ್ಕೇಲಲ್ಲಿ ಮಿಲಿಮೀಟರ್ ಲೆಕ್ಕ ಅಳೀತೀವಿ. ಕರ್ಬಿ ಮತ್ತೆ ಬಾವರ್ 1966ರಲ್ಲಿ ಒಂದು ಕ್ರಮಕ್ಕೆ ತಂದ ಪದ್ಧತಿ, ಇವತ್ತಿಗೂ ನಡೀತಿದೆ. ಹೊಸ ಮಷೀನ್ ಇರೋ ಕಡೆ ಹೆಸರು ನಿಮಿಷಗಳಲ್ಲಿ ಗೊತ್ತಾಗತ್ತೆ, ಆದ್ರೆ ಅದಕ್ಕೂ ಸಾಮಾನ್ಯವಾಗಿ ಮೊದಲು ಬೆಳೆದಿರ್ಬೇಕು. ಬ್ಯಾಕ್ಟೀರಿಯಾಗೆ ಅರ್ಜೆಂಟ್ ಅಂತ ಹೇಳಕ್ಕಾಗಲ್ಲ ನೋಡಿ.

ಇದರಲ್ಲಿ ನಿಮ್ಮ ಪಾಲಿನ ಕೆಲಸ ಒಂದೇ, ಸ್ವ್ಯಾಬ್ ತೆಗೆಯೋ ಮುಂಚೆ ಆ್ಯಂಟಿಬಯಾಟಿಕ್ ಕೊಟ್ಟಿದ್ರೆ ಮುಚ್ಚಿಡ್ದೇ ಹೇಳಿ. ಎರಡು ಡೋಸ್ ಆಗಿದ್ರೂ ಪ್ಲೇಟ್ ಖಾಲಿ ಬರಬಹುದು, ಆಗ "ಇನ್ಫೆಕ್ಷನ್ ಇಲ್ಲ" ಅಂತ ತಪ್ಪು ಅರ್ಥ ಆಗತ್ತೆ.

ರಿಪೋರ್ಟಲ್ಲಿ ಸ್ಟ್ಯಾಫ್ ಆರಿಯಸ್ ಬೆಳೆದಿದೆ ಅಂತ ಬಂದಿದೆ. ಗಾಬರಿ ಆಗ್ತಿದೆ.

ಎಲ್ಲಿಂದ ತೆಗೆದ ಸ್ವ್ಯಾಬ್ ಅದು? ಕೀವಿಂದ ಆದ್ರೆ ಅರ್ಥ ಇದೆ. ಮೂಗಿಂದ ತೆಗೆದಿದ್ರೆ, ಸುಮಾರು ನೂರಕ್ಕೆ ಮೂವತ್ತು ಜನ ಆರೋಗ್ಯವಾಗೇ ಇದ್ದು ಮೂಗಲ್ಲಿ ಇದನ್ನ ಇಟ್ಕೊಂಡು ಓಡಾಡ್ತಿರ್ತಾರೆ. ಎಕ್ಸಿಮಾ (ಚರ್ಮ ಒಣಗಿ ಕೆಂಪಾಗಿ ನವೆ ಬರೋ ಕಾಯಿಲೆ) ಇರೋ ಮಕ್ಕಳ ಗಾಯದ ಜಾಗದಲ್ಲಂತೂ ಹತ್ತರಲ್ಲಿ ಏಳು ಸಲ ಸಿಕ್ಕೇ ಸಿಗತ್ತೆ, ಇನ್ಫೆಕ್ಷನ್ ಇರ್ಲಿ ಬಿಡ್ಲಿ. ನಾವು ಲ್ಯಾಬಿನೋರು ಇದೆ ಅಂತ ಹೇಳ್ತೀವಿ, ಅದೇ ಕಾರಣ ಅಂತ ಹೇಳೋದು ಮಗುನ ನೋಡಿದೋರ ಕೆಲಸ. ಗಾಯ ವಾಸಿ ಆದ್ಮೇಲೆ "ಹೋಗಿದ್ಯಾ ನೋಡೋಣ" ಅಂತ ಮತ್ತೆ ಸ್ವ್ಯಾಬ್ ಮಾಡಿಸೋದು ಹೆಚ್ಚಿನ ಸಲ ದುಡ್ಡು ದಂಡ.

ಎಂಆರ್‌ಎಸ್‌ಎ ಅಂತ ಬರೆದಿದ್ರೆ?

ಅದೇ ಸ್ಟ್ಯಾಫ್, ಮೆಥಿಸಿಲಿನ್ ಗುಂಪಿನ ಔಷಧಿಗೆ ಬಗ್ಗಲ್ಲ ಅಷ್ಟೇ. ಮೆಥಿಸಿಲಿನ್ ಬಳಕೆಗೆ ಬಂದಿದ್ದು 1959ರಲ್ಲಿ, ಬಗ್ಗದ ಸ್ಟ್ಯಾಫ್ ವರದಿಯಾಗಿದ್ದು 1961ರಲ್ಲಿ. ಎರಡೇ ವರ್ಷ! ಹಾಗಂತ ಔಷಧಿನೇ ಇಲ್ಲ ಅಂತಲ್ಲ, ಬೇರೆ ಗುಂಪಿನವು ಇವೆ. ಸಣ್ಣ ಕುರು ಆದ್ರೆ ಎಷ್ಟೋ ಸಲ ಸೀಳಿ ಕೀವು ತೆಗೆದುಬಿಡೋದೇ ಮುಖ್ಯ ಚಿಕಿತ್ಸೆ. ಮನೇಲಿ ಹಿಚುಕೋ ಸಾಹಸ ಮಾತ್ರ ಬೇಡ, ಅದರಲ್ಲೂ ಮುಖದ ಮೇಲೆ.

ಇಂಜೆಕ್ಷನ್ ಕೊಟ್ರೇನೇ ಬೇಗ ವಾಸಿ ಆಗೋದು ಅಲ್ವಾ?

ಹಾಗೇ ನಂಬಿದ್ರು, ಡಾಕ್ಟರುಗಳೂ ನಂಬಿದ್ರು. ಆಸ್ಟ್ರೇಲಿಯಾದ ಉತ್ತರ ಭಾಗದ ಮೂಲನಿವಾಸಿ ಮಕ್ಕಳಲ್ಲಿ ಇಂಪೆಟೈಗೋ ಹಾವಳಿ ತುಂಬಾ, ಅಲ್ಲಿ ಪೆನಿಸಿಲಿನ್ ಇಂಜೆಕ್ಷನ್ನೇ ರೂಢಿ ಆಗಿತ್ತು. ಅಲ್ಲಿ 508 ಮಕ್ಕಳನ್ನ ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಕೆಲವರಿಗೆ ಇಂಜೆಕ್ಷನ್ನು, ಉಳಿದವರಿಗೆ ಕೋಟ್ರೈಮಾಕ್ಸಜೋಲ್ ಅನ್ನೋ ಆ್ಯಂಟಿಬಯಾಟಿಕ್ ಬಾಯಿಗೆ, ಮೂರು ದಿನ ಇಲ್ಲ ಐದು ದಿನ, ಕೊಟ್ಟು ನೋಡಿದ್ರು. 2014ರಲ್ಲಿ ಫಲಿತಾಂಶ ಬಂತು, ಎರಡೂ ಕಡೆ ನೂರಕ್ಕೆ 85 ವಾಸಿ. ವ್ಯತ್ಯಾಸ ಏನಂದ್ರೆ ಇಂಜೆಕ್ಷನ್ ಗುಂಪಲ್ಲಿ ಚುಚ್ಚಿದ ಜಾಗ ನೋವು ಅನ್ನೋ ಮಕ್ಕಳು ಜಾಸ್ತಿ. ಇಂಥ ಸ್ಟಡಿಗಳಲ್ಲಿ ಹೊಸದು ಹಳೇದಕ್ಕಿಂತ ಮೇಲು ಅಂತ ತೋರಿಸಬೇಕಾಗಿಲ್ಲ, ಕಮ್ಮಿ ಇಲ್ಲ ಅಂತ ತೋರಿಸಿದ್ರೆ ಸಾಕು. ಅಳಿಸದೇ ಅಷ್ಟೇ ಕೆಲಸ ಆಗತ್ತೆ ಅಂದ್ರೆ ಇನ್ನೇನ್ ಬೇಕು.

ಕಜ್ಜಿಗೆ ಔಷಧಿ ಹಚ್ಚಿ ಹಚ್ಚಿ ಸಾಕಾಯ್ತು, ಮತ್ತೆ ಮತ್ತೆ ಬರತ್ತಲ್ಲ!

ಮಗುಗೆ ಒಬ್ಬರಿಗೇ ಹಚ್ಚಿರ್ತೀರ, ಗ್ಯಾರಂಟಿ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಕಜ್ಜಿ ಮಾಡೋದು ಸಾರ್ಕೋಪ್ಟಿಸ್ ಅನ್ನೋ ಹುಳ, ಅರ್ಧ ಮಿಲಿಮೀಟರ್ ಕೂಡ ಇಲ್ಲ. ಹೆಣ್ಣುಹುಳ ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆದು ಮೊಟ್ಟೆ ಇಡತ್ತೆ. ಇಡೀ ಮೈ ಕೆರೀತಿದ್ರೂ ಸಾಮಾನ್ಯವಾಗಿ ಮೈಮೇಲೆ ಇರೋದು ಬರೀ ಹತ್ತು ಹದಿನೈದು ಹುಳ. ಉಳಿದ ನವೆ ಎಲ್ಲ ನಮ್ಮ ದೇಹದ ಅಲರ್ಜಿ. ಆ ಅಲರ್ಜಿ ಶುರು ಆಗಕ್ಕೆ ಮೊದಲನೇ ಸಲ ನಾಲ್ಕರಿಂದ ಆರು ವಾರ ಬೇಕು, ಅಂದ್ರೆ ಮನೇಲಿ ಯಾರಿಗೂ ನವೆ ಇಲ್ಲ ಅಂದ್ರೆ ಯಾರಿಗೂ ಹುಳ ಇಲ್ಲ ಅಂತ ಅರ್ಥ ಅಲ್ವೇ ಅಲ್ಲ. ಅಪ್ಪನ ಮೈಮೇಲೆ ಸದ್ದಿಲ್ಲದೇ ಕೂತಿರತ್ತೆ, ಮಗು ಪಕ್ಕ ಮಲಗಿದಾಗ ವಾಪಸ್ ಹೋಗತ್ತೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಶೆಫೀಲ್ಡಲ್ಲಿ ಕೆನೆತ್ ಮೆಲನ್‌ಬಿ ಅನ್ನೋರು, ಯುದ್ಧಕ್ಕೆ ಹೋಗಲ್ಲ ಅಂದ ಯುವಕರನ್ನ ಇಟ್ಕೊಂಡು ಒಂದು ಪ್ರಯೋಗ ಮಾಡಿದ್ರು. ಕಜ್ಜಿ ಇದ್ದ ಸೈನಿಕರ ಒಳಬಟ್ಟೆ ಹಾಕಿಸಿದ್ರು, ಅವರು ಹೊದ್ದ ಕಂಬಳಿ ಹೊದಿಸಿದ್ರು. ಎಲ್ಲರಿಗೂ ಹತ್ತತ್ತೆ ಅಂತ ಅಂದ್ಕೊಂಡಿದ್ದು, ಹತ್ತಿದ್ದು ಬಹಳ ಕಮ್ಮಿ ಜನಕ್ಕೆ. ಅದೇ ಕಜ್ಜಿ ಇದ್ದೋರ ಜೊತೆ ಒಂದೇ ಹಾಸಿಗೇಲಿ ಮಲಗಿದೋರಿಗೆ ಹತ್ತಿತು. ಅಲ್ಲಿಗೆ ಗೊತ್ತಾಯ್ತು, ಇದು ಬಟ್ಟೆಗಿಂತ ಮೈಗೆ ಮೈ ತಾಗೋದರಿಂದ ಹರಡೋದು ಅಂತ. ಬಟ್ಟೆ ಬಿಸಿನೀರಲ್ಲಿ ಒಗೀರಿ, ಬೇಡ ಅನ್ನಲ್ಲ. ಆದ್ರೆ ಬಟ್ಟೆ ಒಗೆದು ಮೈಗೆ ಹಚ್ಚದೇ ಇದ್ರೆ ಏನೂ ಪ್ರಯೋಜನ ಇಲ್ಲ. (ಹುಳ ಸಾವಿರಗಟ್ಟಲೆ ಆಗಿ ಚರ್ಮ ದಪ್ಪ ಹೊಪ್ಪಳೆ ಏಳೋ ಒಂದು ಥರ ಇದೆ, ಅದರಲ್ಲಿ ಮಾತ್ರ ಬಟ್ಟೆ ಹಾಸಿಗೆನೂ ಅಪಾಯ.)

ಫಿಜಿ ದ್ವೀಪಗಳಲ್ಲಿ ಇದನ್ನೇ ಊರಿಗೆ ಊರೇ ಮಾಡಿ ನೋಡಿದ್ರು, ಎರಡು ಸಾವಿರದ ಮೇಲೆ ಜನ. ಒಂದು ಗುಂಪಲ್ಲಿ ಕಜ್ಜಿ ಇದ್ದೋರಿಗೆ ಮತ್ತೆ ಅವರ ಜೊತೆ ಇರೋರಿಗೆ ಮಾತ್ರ ಚಿಕಿತ್ಸೆ, ಒಂದರಲ್ಲಿ ಎಲ್ಲರಿಗೂ ಪರ್ಮೆಥ್ರಿನ್ ಕ್ರೀಮ್, ಇನ್ನೊಂದರಲ್ಲಿ ಎಲ್ಲರಿಗೂ ಐವರ್‌ಮೆಕ್ಟಿನ್ ಮಾತ್ರೆ. ಒಂದು ವರ್ಷ ಬಿಟ್ಟು ನೋಡಿದ್ರೆ ಮೊದಲನೇ ಗುಂಪಲ್ಲಿ ಕಜ್ಜಿ ಅರ್ಧದಷ್ಟು ಇಳಿದಿತ್ತು, ಮಾತ್ರೆ ಗುಂಪಲ್ಲಿ ನೂರಕ್ಕೆ 32 ಇದ್ದಿದ್ದು 1.9ಕ್ಕೆ ಬಂದಿತ್ತು. ನಂಗೆ ಅದಕ್ಕಿಂತ ಹಿಡಿಸಿದ್ದು ಇನ್ನೊಂದು ಅಂಕಿ. ಅದೇ ಗುಂಪಲ್ಲಿ ಇಂಪೆಟೈಗೋ ನೂರಕ್ಕೆ 24.6ರಿಂದ 8ಕ್ಕೆ ಇಳೀತು, ಊರಿಗೆಲ್ಲ ಆ್ಯಂಟಿಬಯಾಟಿಕ್ ಹಂಚದೇನೇ! ಹುಳ ಹೋಯ್ತು, ಕೆರೆಯೋದು ನಿಂತಿತು, ಬ್ಯಾಕ್ಟೀರಿಯಾಗೆ ಒಳಗೆ ಬರೋ ಬಾಗಿಲೇ ಮುಚ್ಚಿತು. ಮೊದಲನೇ ಪ್ರಶ್ನೇಲಿ ಒಂದರ ಮೇಲೆ ಒಂದು ಅಂದೆನಲ್ಲ, ಇದೇ ಅದು.

ಹಂಗಾಗಿ ಮನೇಲಿರೋ ಎಲ್ಲರೂ, ನವೆ ಇರ್ಲಿ ಇಲ್ಲದಿರ್ಲಿ, ಒಂದೇ ದಿನ, ಕತ್ತಿಂದ ಕೆಳಗೆ ಬೆರಳ ಸಂದಿ ಉಗುರ ಕೆಳಗೆಲ್ಲ ಬಿಡದೇ ಹಚ್ಚಿ (ಎಳೆ ಮಕ್ಕಳಿಗೆ ತಲೆಗೂ ಬೇಕಾಗತ್ತೆ, ಡಾಕ್ಟರನ್ನ ಕೇಳಿ), ಒಂದು ವಾರ ಬಿಟ್ಟು ಇನ್ನೊಂದ್ಸಲ ಹಚ್ಚಿ. ಹುಳ ಸತ್ತ ಮೇಲೂ ಎರಡು ಮೂರು ವಾರ ನವೆ ಇರತ್ತೆ, ಅದನ್ನ ನೋಡಿ ದಿನಾ ಕ್ರೀಮ್ ಹಚ್ತಾ ಕೂತ್ರೆ ಚರ್ಮ ಸುಟ್ಟು ಇನ್ನೊಂದು ತೊಂದ್ರೆ.

ಹುಳಕಡ್ಡಿಗೆ ಅಂಗಡೀಲಿ ಕೊಟ್ಟ ಟ್ಯೂಬ್ ಹಚ್ಚಿದ್ವಿ, ಎರಡೇ ದಿನಕ್ಕೆ ನವೆ ಹೋಯ್ತು, ಬಿಟ್ಟ ಮೇಲೆ ಡಬಲ್ ಆಯ್ತು. ಯಾಕೆ?

ಟ್ಯೂಬ್ ಹಿಂದೆ ಸಣ್ಣಕ್ಷರದಲ್ಲಿ ಏನಿದೆ ಓದಿ. ಕ್ಲೋಬೆಟಸಾಲ್, ಬೀಟಾಮೆಥಸೋನ್ ಅಂತ ಇದ್ರೆ ಅದು ಸ್ಟೀರಾಯ್ಡ್. ಸ್ಟೀರಾಯ್ಡ್ ನವೆನ ನಿಲ್ಲಿಸತ್ತೆ, ಜೊತೆಗೆ ಫಂಗಸ್ ಜೊತೆ ಹೋರಾಡ್ತಿರೋ ನಿಮ್ಮ ದೇಹದ ಕಾವಲನ್ನೂ ಮಲಗಿಸತ್ತೆ. ಕಳ್ಳ ಒಳಗಿರೋವಾಗ ನಾಯಿಗೆ ನಿದ್ದೆ ಬರಿಸಿದ ಹಾಗೆ. ಉಂಗುರದ ಆಕಾರ ಕೂಡ ಕೆಡತ್ತೆ, ಆಮೇಲೆ ಚರ್ಮದ ಡಾಕ್ಟರಿಗೂ ಒಂದೇ ನೋಟಕ್ಕೆ ಗೊತ್ತಾಗಲ್ಲ. ನಾವು ಅಂಚಿಂದ ಹೊಟ್ಟು ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ದಾರದ ಹಾಗೆ ಫಂಗಸ್ ಕಾಣತ್ತೆ, ಹೆಚ್ಚು ಹೊತ್ತಿನ ಕೆಲಸ ಅಲ್ಲ. ಕಲ್ಚರ್, ಅಂದ್ರೆ ಬೆಳೆಸಿ ನೋಡೋದು ಆದ್ರೆ ಮಾತ್ರ ನಾಲ್ಕು ವಾರದ ತನಕ ಕಾಯ್ಬೇಕಾಗತ್ತೆ, ಫಂಗಸ್ ಮಹಾ ಸೋಮಾರಿ. ಈಗೀಗ ಟ್ರೈಕೋಫೈಟಾನ್ ಇಂಡೋಟಿನಿಯೇ ಅಂತ ಒಂದು ಬಂದಿದೆ, 2020ರಲ್ಲಿ ಆ ಹೆಸರಿಟ್ರು, ಅದರಲ್ಲಿ ಎಷ್ಟೋ ಫಂಗಸ್ಸಿಗೆ ಕೊಡೋ ಟರ್ಬಿನಾಫಿನ್ ಮಾತ್ರೆಗೂ ಬಗ್ಗಲ್ಲ. ಅದಕ್ಕೇ "ನಮ್ಮ ಚಿಕ್ಕಪ್ಪಂಗೆ ಇದೇ ಮಾತ್ರೇಲಿ ಹೋಗಿತ್ತು" ಅನ್ನೋ ಲೆಕ್ಕ ಈಗ ನಡೆಯಲ್ಲ.

ಎಕ್ಸಿಮಾ ಬರದ ಹಾಗೆ ಹುಟ್ಟಿದಾಗಿಂದಲೇ ಮಾಯಿಶ್ಚರೈಸರ್ ಹಚ್ಚಿದ್ರೆ?

ಚೆನ್ನಾಗಿರೋ ಐಡಿಯಾ ಅಂತ ಎಲ್ಲರಿಗೂ ಅನ್ನಿಸಿತ್ತು. 2006ರಲ್ಲಿ ಫಿಲಾಗ್ರಿನ್ ಅನ್ನೋ ಚರ್ಮದ ಪ್ರೋಟೀನಿನ ಜೀನ್ ಕೆಟ್ಟಿದ್ರೆ ಎಕ್ಸಿಮಾ ಬರೋದು ಹೆಚ್ಚು ಅಂತ ಗೊತ್ತಾಯ್ತು, ಅಂದ್ರೆ ಗೋಡೇಲೇ ಬಿರುಕು, ಹಂಗಾದ್ರೆ ಮೊದಲೇ ಗಾರೆ ಹಚ್ಚಿಬಿಡೋಣ ಅಂತ. ಬ್ರಿಟನ್ನಲ್ಲಿ 1394 ಹಸುಗೂಸುಗಳಲ್ಲಿ ಅರ್ಧದಷ್ಟಕ್ಕೆ ಒಂದು ವರ್ಷ ದಿನಾ ಹಚ್ಚಿಸಿ ನೋಡಿದ್ರು. 2020ರಲ್ಲಿ ಬಂದ ಉತ್ತರ, ಹಚ್ಚಿದವರಲ್ಲಿ ನೂರಕ್ಕೆ 23, ಹಚ್ಚದವರಲ್ಲಿ 25. ಅಂದ್ರೆ ಏನೂ ವ್ಯತ್ಯಾಸ ಇಲ್ಲ. ಉಲ್ಟಾ ಹಚ್ಚಿದವರಲ್ಲಿ ಚರ್ಮದ ಇನ್ಫೆಕ್ಷನ್ ಸ್ವಲ್ಪ ಜಾಸ್ತಿ ಇತ್ತು. ಎಕ್ಸಿಮಾ ಇರೋ ಮಕ್ಕಳಿಗೆ ಸ್ನಾನದ ನೀರಿಗೆ ಹಾಕೋ ಎಣ್ಣೆಯಿಂದಲೂ ಹೆಚ್ಚಿನ ಪ್ರಯೋಜನ ಇಲ್ಲ ಅಂತ 2018ರಲ್ಲಿ ಗೊತ್ತಾಯ್ತು.

ಆದ್ರೆ ಎಕ್ಸಿಮಾ ಆಗಲೇ ಬಂದಿದ್ರೆ ಮೈಗೆ ನೇರ ಹಚ್ಚೋ ಮಾಯಿಶ್ಚರೈಸರ್ ಬೇಕೇ ಬೇಕು, ಅದನ್ನ ಬಿಡಬೇಡಿ. ಎರಡೂ ಬೇರೆ ಬೇರೆ ಪ್ರಶ್ನೆ, ಜನ ಹೆಡ್‌ಲೈನ್ ಓದಿ ಕಲಸ್ಕೊಂಡುಬಿಡ್ತಾರೆ.

ಜ್ವರ ಬಂದು ಮೈಯೆಲ್ಲ ದದ್ದು ಎದ್ದಿದೆ. ಲ್ಯಾಬ್ ಟೆಸ್ಟ್ ಯಾವುದು ಮಾಡಿಸ್ಲಿ?

ಟೆಸ್ಟಿಗಿಂತ ಮೊದಲು ಯಾವ ದಿನ ಏನಾಯ್ತು ಅಂತ ಒಂದು ಚೀಟೀಲಿ ಬರೀರಿ, ಡಾಕ್ಟರಿಗೆ ಅದೇ ದೊಡ್ಡ ಸಾಕ್ಷಿ.

ಮೂರರಿಂದ ಐದು ದಿನ ಸುಡೋ ಜ್ವರ, ಜ್ವರ ಬಿಟ್ಟ ಮೇಲೆ ದದ್ದು, ಮಗು ಆಟ ಆಡ್ತಿದೆ ಅಂದ್ರೆ ರೋಸಿಯೋಲ ಇರಬಹುದು. ಅದು ಹರ್ಪಿಸ್ ಜಾತಿಯ ಆರನೇ ನಂಬರ್ ವೈರಸ್‌ದು ಅಂತ 1988ರಲ್ಲಿ ಜಪಾನಲ್ಲಿ ಪತ್ತೆ ಆಯ್ತು. ಜ್ವರದ ಜೊತೆ ಕೆಮ್ಮು, ನೆಗಡಿ, ಕೆಂಪು ಕಣ್ಣು ಇದ್ದು, ಮೂರು ನಾಲ್ಕು ದಿನಕ್ಕೆ ಕಿವಿ ಹಿಂದೆ, ಮುಖದಿಂದ ದದ್ದು ಶುರುವಾಗಿ ಕೆಳಗಿಳೀತಾ ಜ್ವರ ಇನ್ನೂ ಏರಿದ್ರೆ ದಡಾರದ ಅನುಮಾನ. ದಡಾರನ ಹಗುರ ಮಾಡ್ಬೇಡಿ. 2019ರಲ್ಲಿ ಲಸಿಕೆ ಹಾಕಿಸದ 77 ಮಕ್ಕಳ ರಕ್ತ ಪರೀಕ್ಷೆ ಮಾಡಿದ್ರು, ದಡಾರ ಬಂದು ಹೋದ್ಮೇಲೆ ಬೇರೆ ಕಾಯಿಲೆಗಳ ವಿರುದ್ಧ ಮೊದಲಿದ್ದ ಆ್ಯಂಟಿಬಾಡಿಗಳಲ್ಲಿ ನೂರಕ್ಕೆ 11ರಿಂದ 73ರಷ್ಟು ಅಳಿಸಿಹೋಗಿತ್ತು. ದೇಹ ಕಲಿತ ಪಾಠನೇ ಮರೆತುಹೋಗತ್ತೆ.

ಕೆನ್ನೆಗೆ ಯಾರೋ ಬಾರಿಸಿದ ಹಾಗೆ ಕೆಂಪಾಗಿದ್ರೆ ಪಾರ್ವೋವೈರಸ್ ಬಿ19. ವಿಚಿತ್ರ ಹೆಸರು ಅಲ್ವಾ, 1975ರಲ್ಲಿ ಯಾವುದೋ ಬೇರೆ ಟೆಸ್ಟ್ ಮಾಡ್ತಿರುವಾಗ ಬಿ ಅನ್ನೋ ತಟ್ಟೆಯ 19ನೇ ಸ್ಯಾಂಪಲ್ಲಲ್ಲಿ ಸಿಕ್ಕಿತಂತ ಅದೇ ಹೆಸರು ನಿಂತುಬಿಡ್ತು. ಕೆನ್ನೆ ಕೆಂಪಾಗೋ ಹೊತ್ತಿಗೆ ಮಗು ಬೇರೆಯವರಿಗೆ ಹರಡೋದು ಮುಗಿದಿರತ್ತೆ. ಆದ್ರೆ ಅದಕ್ಕೆ ಮುಂಚೆ ಜೊತೇಲಿದ್ದ ಬಸುರಿ ಹೆಂಗಸರು ಅವರ ಡಾಕ್ಟರಿಗೆ ಒಂದು ಮಾತು ಹೇಳ್ಬೇಕು.

ಇನ್ನೊಂದು ಯಾವ ಪ್ಲೇಟಲ್ಲೂ ಬೆಳೆಯದ್ದು, ಕವಾಸಾಕಿ ಅನ್ನೋ ಕಾಯಿಲೆ. ಐದು ದಿನ ಆದ್ರೂ ಇಳಿಯದ ಜ್ವರ, ಕೀವಿಲ್ಲದ ಕೆಂಪು ಕಣ್ಣು, ಒಡೆದ ಕೆಂಪು ತುಟಿ, ಸ್ಟ್ರಾಬೆರಿ ಥರ ನಾಲಿಗೆ, ಊದಿದ ಕೈ ಕಾಲು. ಜಪಾನಿನ ಮಕ್ಕಳ ಡಾಕ್ಟರ್ ತೊಮಿಸಾಕು ಕವಾಸಾಕಿ 1961ರಲ್ಲಿ ಮೊದಲನೇ ಮಗು ನೋಡಿದ್ರು, 50 ಮಕ್ಕಳ ವಿವರ ಕೂಡಿಸಿ 1967ರಲ್ಲಿ ಬರೆದ್ರು. ಕಾರಣ ಇವತ್ತಿಗೂ ಪತ್ತೆ ಆಗಿಲ್ಲ, ಆದ್ರೆ ಚಿಕಿತ್ಸೆ ಇದೆ. ಬಿಟ್ರೆ ನಾಲ್ಕರಲ್ಲಿ ಒಂದು ಮಗುಗೆ ಹೃದಯದ ರಕ್ತನಾಳ ಉಬ್ಬತ್ತೆ, ಹತ್ತು ದಿನದೊಳಗೆ ಇಮ್ಯುನೋಗ್ಲಾಬ್ಯುಲಿನ್ ಡ್ರಿಪ್ ಕೊಟ್ರೆ ಅದು ನೂರಕ್ಕೆ ನಾಲ್ಕರ ಆಸುಪಾಸು. ದಿನ ಎಣಿಸಿ ಅನ್ನೋದು ಅದಕ್ಕೇ.

ಕೈ ಕಾಲು ಬಾಯಿ ಗುಳ್ಳೆ ಬಂದು ಹೋಯ್ತು, ಈಗ ಒಂದು ತಿಂಗಳಾದ್ಮೇಲೆ ಉಗುರು ಕಳಚ್ತಿದೆ!

ಹೆದರ್ಬೇಡಿ, ಹೊಸ ಉಗುರು ಬರತ್ತೆ. ಕಾಕ್ಸಾಕಿ ಎ6 ವೈರಸ್ ಬಂದ್ರೆ ಹೀಗಾಗೋದು ಗೊತ್ತಿರೋ ವಿಷಯ.

ಚಿಕನ್ ಪಾಕ್ಸ್ ಜ್ವರಕ್ಕೆ ಯಾವ ಔಷಧಿ ಕೊಡಬಾರದು?

ಆಸ್ಪಿರಿನ್ ಬೇಡವೇ ಬೇಡ, ಲಿವರ್ ಮತ್ತೆ ಮೆದುಳಿಗೆ ಹೊಡೆಯೋ ರೈ ಸಿಂಡ್ರೋಮ್ ಭಯ. ಐಬುಪ್ರೊಫೆನ್ ಕೂಡ ದೂರ ಇಡಿ, ಅದು ಕೊಟ್ಟ ಮಕ್ಕಳಲ್ಲಿ ಸ್ಟ್ರೆಪ್ ಆಳಕ್ಕಿಳಿದ ಕೇಸುಗಳು ಜಾಸ್ತಿ ಕಂಡಿವೆ. ಪ್ಯಾರಾಸಿಟಮಾಲ್, ತೂಕದ ಲೆಕ್ಕದಲ್ಲಿ.

ಯಾವಾಗ ಎಲ್ಲ ಬಿಟ್ಟು ಆಸ್ಪತ್ರೆಗೆ ಓಡ್ಬೇಕು?

ದದ್ದಿನ ಮೇಲೆ ಗಾಜಿನ ಲೋಟ ಒತ್ತಿ ಹಿಡೀರಿ, ಕೆಂಪು ಮಾಯ ಆಗದೇ ಹಾಗೇ ಕಂಡ್ರೆ, ಜೊತೆಗೆ ಜ್ವರನೂ ಇದ್ರೆ, ಆ ಕ್ಷಣ ಹೊರಡಿ, ಮೆನಿಂಜೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಗಂಟೆಗಳ ಲೆಕ್ಕದಲ್ಲಿ ಕೆಡಿಸತ್ತೆ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದ್ರೆ, ಚರ್ಮ ಸುಲೀತಿದ್ರೆ, ನೋಡಕ್ಕೆ ಸಣ್ಣ ಕೆಂಪು ಆದ್ರೆ ಮಗು ಮುಟ್ಟಿಸ್ಕೊಳ್ಳದ ಹಾಗೆ ನೋವು ಅಂತಿದ್ರೆ, ಮಂಕಾಗಿ ಎಬ್ಬಿಸಿದ್ರೂ ಏಳ್ತಿಲ್ಲ ಅಂದ್ರೆ ಕೂಡ. ಇಂಪೆಟೈಗೋ ವಾಸಿ ಆಗಿ ಮೂರು ವಾರದ ಹೊತ್ತಿಗೆ ಮೂತ್ರ ಟೀ ಡಿಕಾಕ್ಷನ್ ಬಣ್ಣ ಬಂದು ಮುಖ ಊದಿದ್ರೆ ಸ್ಟ್ರೆಪ್ ಕಿಡ್ನಿಗೆ ತೊಂದ್ರೆ ಕೊಟ್ಟಿದೆ ಅಂತ ಲೆಕ್ಕ, ಅದನ್ನೂ ತೋರಿಸ್ಬೇಕು.

ಮಕ್ಕಳ ಮೇಲೆ ರಿಸರ್ಚ್ ಮಾಡೋದು ತಪ್ಪಲ್ವಾ?

ಮಾಡದೇ ಇದ್ದಾಗ ಏನಾಯ್ತು ನೋಡಿ. ಕ್ಲೋರಾಂಫೆನಿಕಾಲ್ ಅನ್ನೋ ಆ್ಯಂಟಿಬಯಾಟಿಕ್ ದೊಡ್ಡವರಿಗೆ ಒಳ್ಳೇದಾಗಿತ್ತು, ಹುಟ್ಟಿದ ಕೂಸುಗಳಿಗೂ ಕೊಟ್ರು, ಅವರ ಲಿವರಿಗೆ ಅದನ್ನ ಕರಗಿಸಿ ಹೊರಹಾಕೋ ಶಕ್ತಿ ಇನ್ನೂ ಬಂದಿರಲಿಲ್ಲ, ಮೈ ಬೂದಿ ಬಣ್ಣಕ್ಕೆ ತಿರುಗಿ ಕೂಸುಗಳು ಸತ್ತವು, 1959ರಲ್ಲಿ ಅದು ಬೆಳಕಿಗೆ ಬಂತು. ಮಗು ಅಂದ್ರೆ ಸಣ್ಣ ಸೈಜಿನ ದೊಡ್ಡ ಮನುಷ್ಯ ಅಲ್ಲ. ಈಗ ಅಪ್ಪ ಅಮ್ಮನ ಒಪ್ಪಿಗೆ ಬೇಕು, ತಿಳಿವಳಿಕೆ ಬಂದ ಮಗು ಆದ್ರೆ ಅದರ ಒಪ್ಪಿಗೆನೂ ಕೇಳ್ತಾರೆ, ನೈತಿಕ ಸಮಿತಿ ನೋಡತ್ತೆ, ಯಾವಾಗ ಬೇಕಾದ್ರೂ ಹೊರಗೆ ಬರಬಹುದು. ನಿಮ್ಮನ್ನ ಯಾರಾದ್ರೂ ಕೇಳಿದ್ರೆ ಆಗಲ್ಲ ಅನ್ನೋ ಹಕ್ಕೂ ಇದೆ, ಆದ್ರೆ ಪ್ರಶ್ನೆ ಕೇಳಿ ಆಮೇಲೆ ಹೇಳಿ.

ಹೋದ್ಸಲದ ಆ್ಯಂಟಿಬಯಾಟಿಕ್ ಸಿರಪ್ ಫ್ರಿಜ್ಜಲ್ಲಿ ಅರ್ಧ ಬಾಟ್ಲಿ ಇದೆ, ಈಗ ಹಾಕಬಹುದಾ?

ಬೇಡ. ಪುಡಿಗೆ ನೀರು ಬೆರೆಸಿದ ಸಿರಪ್ ಒಂದೆರಡು ವಾರಕ್ಕೆ ಶಕ್ತಿ ಕಳ್ಕೊಳತ್ತೆ, ಫ್ರಿಜ್ಜಲ್ಲಿಟ್ರೂ ಅಷ್ಟೇ. ಅದೂ ಅಲ್ದೇ ಅರ್ಧ ಬಾಟ್ಲಿ ಹೆಂಗೆ ಉಳೀತು ಅಂತ?